ಕುಂಬಾರ, ಮಣ್ಣು, ಮಡಕೆ: ಮಾಹಿಮ್‌ನ ಬುಧವಾರವೂ ಮನೆಯ ದೇವರ ಕೋಣೆಯೂ

ಓದುಗರ ಪ್ರಶ್ನೆ

"ನಾವು ಉಡುಪಿ ಕಡೆಯ ಮಾಧ್ವರು. ಡೊಂಬಿವಲಿಗೆ ಬಂದು 30 ವರ್ಷವಾಯಿತು. ಮಗ ಕಾಯಿಲೆ ಬಿದ್ದಾಗ ಯಾರೋ ಹೇಳಿದರೆಂದು ನನ್ನ ಹೆಂಡತಿ ಮಾಹಿಮ್ ಚರ್ಚಿಗೆ 9 ಬುಧವಾರದ ಹರಕೆ ಹೊತ್ತಳು. ಮಗ ಗುಣವಾದ. ಅಂದಿನಿಂದ 11 ವರ್ಷ, ಬುಧವಾರ ತಪ್ಪಿಸಿಲ್ಲ. ಮನೆಯ ಕೃಷ್ಣನ ಪೂಜೆಯಾಗಲಿ ಏಕಾದಶಿಯಾಗಲಿ ಅದನ್ನೂ ಬಿಟ್ಟಿಲ್ಲ. ಹಾಗಾಗಿ ನಾನು ಏನೂ ಅಂದಿರಲಿಲ್ಲ. ಕಳೆದ ವರ್ಷದಿಂದ ನಮ್ಮದೇ ಬಿಲ್ಡಿಂಗಿನ ಒಂದು ಫ್ಲ್ಯಾಟಿನಲ್ಲಿ ಶನಿವಾರ ನಡೆಯುವ ಪ್ರಾರ್ಥನಾ ಕೂಟಕ್ಕೂ ಹೋಗುತ್ತಿದ್ದಾಳೆ. ಕನ್ನಡ ಬೈಬಲ್ ಓದುತ್ತಾಳೆ. ಅಲ್ಲಿನ ಒಬ್ಬ ಹೆಂಗಸು, ಎರಡು ದೋಣಿಯಲ್ಲಿ ಕಾಲಿಡಬೇಡ, ಮನೆಯ ಪಟಗಳನ್ನು ತೆಗೆದುಹಾಕು, ಅವೆಲ್ಲ ಸೈತಾನನವು ಅಂದಳಂತೆ. ಬಿಪಿ ಮಾತ್ರೆಯನ್ನೂ 10 ದಿನ ಬಿಟ್ಟಿದ್ದಳು. ಮಗ 'ಎಲ್ಲಾ ದೇವರೂ ಒಂದೇ ಅಪ್ಪಾ, ಬಿಡಿ' ಅನ್ನುತ್ತಾನೆ. ಊರಿನಿಂದ ಅಣ್ಣ ಫೋನು ಮಾಡಿ 'ಮನೆ ಮೈಲಿಗೆಯಾಯಿತು' ಅನ್ನುತ್ತಾನೆ. ನನಗೆ ಅವಳನ್ನು ಗದರಿಸಲು ಮನಸ್ಸಿಲ್ಲ. ಅವರ ದೇವರು ನಮ್ಮ ದೇವರೇ? ಯೇಸು ಒಂದು ಅವತಾರವೇ? ಒಬ್ಬನೇ ದೇವರು ಎನ್ನುವವರು ಮೂವರ ಹೆಸರು ಹೇಳುವುದೇಕೆ? ನಾವು ಅವರನ್ನು ಒಪ್ಪಿದಂತೆ ಅವರು ನಮ್ಮನ್ನು ಏಕೆ ಒಪ್ಪುವುದಿಲ್ಲ? ಮುಂದೆ ನಾನು ಏನು ಮಾಡಲಿ?"

ಉತ್ತರ

ಮೊದಲು ಮಾತ್ರೆಯ ವಿಷಯ. ದೇವರ ವಿಚಾರ ಕಾಯುತ್ತದೆ, ರಕ್ತದೊತ್ತಡ ಕಾಯುವುದಿಲ್ಲ. ಕೆಲವು ಬಗೆಯ ಬಿಪಿ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿದ್ದುದಕ್ಕಿಂತ ಮೇಲೇರಬಹುದು. ಮೈಗೆ ಏನೂ ಗೊತ್ತಾಗದೆಯೂ ಇರಬಹುದು. ಇದೇ ವಾರ ಬಿಪಿ ತೋರಿಸಿ, 10 ದಿನ ಬಿಟ್ಟಿದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮಾತ್ರೆ ನುಂಗಿದರೆ ನಂಬಿಕೆ ಕಡಿಮೆಯಾದಂತೆ ಎಂದು ನಿಮ್ಮ ಮನೆಯವರಿಗೆ ಅನ್ನಿಸಿದ್ದರೆ, ಅದಕ್ಕೆ ಉತ್ತರ ಬೈಬಲ್ಲಿನಲ್ಲೇ ಇದೆ. ಕ್ಯಾಥೊಲಿಕ್ ಬೈಬಲ್ಲಿನಲ್ಲಿ ಸಿರಾಖ ಎಂಬ ಗ್ರಂಥವಿದೆ. ಅದರ 38ನೇ ಅಧ್ಯಾಯ ಶುರುವಾಗುವುದೇ ವೈದ್ಯನನ್ನು ಗೌರವಿಸು ಎಂಬ ಮಾತಿನಿಂದ. ಔಷಧವನ್ನು ನೆಲದಿಂದ ಹುಟ್ಟಿಸಿದವನು ದೇವರೇ, ತಿಳಿವಳಿಕೆಯುಳ್ಳವನು ಅದನ್ನು ತಿರಸ್ಕರಿಸುವುದಿಲ್ಲ ಎಂದು ಅದು ಮುಂದುವರಿಯುತ್ತದೆ. ಪ್ರೊಟೆಸ್ಟಂಟ್ ಬೈಬಲ್ಲಿನಲ್ಲಿ ಆ ಗ್ರಂಥ ಇಲ್ಲ. ಆದರೆ ಅದರಲ್ಲಿಯೂ ಲೂಕನನ್ನು ಪ್ರಿಯ ವೈದ್ಯ ಎಂದು ಕರೆದಿದೆ, ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಯೇಸುವಿನ ಪ್ರೇಷಿತನಾದ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದಿದ್ದಾನೆ. ಪ್ರಾರ್ಥನೆ ಮಾಡಲಿ, ಮಾತ್ರೆಯನ್ನೂ ನುಂಗಲಿ.

ಇನ್ನೊಂದು ಸಂಗತಿ ನಿಮ್ಮ ಪತ್ರದಲ್ಲಿ ಬೆರೆತುಹೋಗಿದೆ. ಬುಧವಾರದ ಚರ್ಚೂ ಶನಿವಾರದ ಕೂಟವೂ ಒಂದೇ ಎಂದು ನೀವು ಭಾವಿಸಿದಂತಿದೆ. ಬಹುಮಟ್ಟಿಗೆ ಅಲ್ಲ. ಮಾಹಿಮ್‌ನ ಸೇಂಟ್ ಮೈಕಲ್ ಚರ್ಚು ಕ್ಯಾಥೊಲಿಕರದು. ಅಲ್ಲಿ 1948ರಿಂದ ಬುಧವಾರದ ನೊವೆನಾ, ಅಂದರೆ ಒಂಬತ್ತು ವಾರದ ಹರಕೆಯ ಪ್ರಾರ್ಥನೆ, ನಡೆಯುತ್ತಿದೆ, ನಿತ್ಯಾಧಾರ ಮಾತೆ ಎಂದು ಕರೆಯುವ ಯೇಸುವಿನ ತಾಯಿ ಮರಿಯಮ್ಮನ ಚಿತ್ರದ ಮುಂದೆ. ಎಲ್ಲ ಜಾತಿ ಧರ್ಮದವರೂ ಸಾಲುಗಟ್ಟುತ್ತಾರೆ, ಮೇಣದ ಕೈ, ಕಾಲು, ಮನೆಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ನೀವು ಹೇಳುವ ಕೂಟದ ಮಾತಿನ ಧಾಟಿ ನೋಡಿದರೆ ಅದು ಪೆಂಟೆಕೋಸ್ಟಲ್ ಬಗೆಯದು. ಆ ಪಂಥದವರು ಮರಿಯಮ್ಮನಿಗೆ ಪ್ರಾರ್ಥನೆ ಸಲ್ಲಿಸುವುದನ್ನೇ ಒಪ್ಪುವುದಿಲ್ಲ. ನಿಮ್ಮ ಕೃಷ್ಣನ ಪಟ ತೆಗೆಯಿರಿ ಎಂದವರು ಮಾಹಿಮ್‌ನ ಮಾತೆಯ ಪಟವನ್ನೂ ತೆಗೆಯಿರಿ ಎಂದೇ ಹೇಳುತ್ತಾರೆ. ಹಾಗಾಗಿ 'ಕ್ರೈಸ್ತರು ಹೀಗೆ ಹೇಳುತ್ತಾರೆ' ಎಂದು ಒಂದೇ ಮಾತಿನಲ್ಲಿ ಹಿಡಿಯಬೇಡಿ. ಯಾವ ಚರ್ಚು ಎಂದು ಮೊದಲು ಕೇಳಿ.

ಈಗ ಮೂಲ ಪ್ರಶ್ನೆ: ಅವರ ದೇವರು ನಮ್ಮ ದೇವರೇ?

ನಮ್ಮಲ್ಲಿ ಹೆಚ್ಚಿನವರು ವ್ಯತ್ಯಾಸವನ್ನು ಸಂಖ್ಯೆಯಲ್ಲಿ ಹುಡುಕುತ್ತಾರೆ. ಅವರಿಗೆ ಒಬ್ಬನೇ ದೇವರು, ನಮಗೆ ಹಲವರು ಎಂದು. ಅದು ತಪ್ಪು ಲೆಕ್ಕ. ಮಾಧ್ವರಿಗೆ ವಿಷ್ಣು ಒಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಅಸ್ವತಂತ್ರ. ಬ್ರಹ್ಮ ರುದ್ರಾದಿಗಳೂ ತಾರತಮ್ಯದಲ್ಲಿ, ಅಂದರೆ ಮೇಲುಕೆಳಗಿನ ಶ್ರೇಣಿಯಲ್ಲಿ, ಬರುವ ಜೀವರೇ. ಎಷ್ಟು ದೇವರು ಎಂಬ ಪ್ರಶ್ನೆಯಲ್ಲಿ ಮಾಧ್ವನೂ ಕ್ರೈಸ್ತನೂ ಅಷ್ಟು ದೂರವಿಲ್ಲ. ಈ ಹತ್ತಿರವನ್ನು ಕಂಡೇ ಕೆಲವು ಪಾಶ್ಚಾತ್ಯ ವಿದ್ವಾಂಸರು, ಕರಾವಳಿಯ ಕ್ರೈಸ್ತರಿಂದ ಮಧ್ವಾಚಾರ್ಯರು ಪ್ರಭಾವಿತರಾಗಿರಬೇಕು ಎಂದು ಊಹಿಸಿದ್ದುಂಟು. ಗಟ್ಟಿ ಪುರಾವೆ ಸಿಕ್ಕಿಲ್ಲ. ಆಚಾರ್ಯರ ವಾದ ನಿಂತಿರುವುದು ಶ್ರುತಿಯ ಮೇಲೆ, ಬ್ರಹ್ಮಸೂತ್ರದ ಮೇಲೆ.

ನಿಜವಾದ ಗೆರೆ ಬೇರೆ ಕಡೆ ಇದೆ. ವೇದಾಂತಿಗಳು ಬಳಸುವ ಕುಂಬಾರನ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ಮಡಕೆಗೆ ಕುಂಬಾರ ಬೇಕು, ಮಣ್ಣೂ ಬೇಕು. ಜಗತ್ತೆಂಬ ಮಡಕೆಗೆ ಮಣ್ಣು ಎಲ್ಲಿಂದ ಬಂತು?

ಅದ್ವೈತಿ ಹೇಳುತ್ತಾನೆ: ಕುಂಬಾರನೂ ಬ್ರಹ್ಮವೇ, ಮಣ್ಣೂ ಬ್ರಹ್ಮವೇ, ಮಡಕೆ ಎಂಬುದು ಹೆಸರು ರೂಪ ಮಾತ್ರ. ವಿಶಿಷ್ಟಾದ್ವೈತಿಗೆ ಚಿತ್ತು (ಜೀವ), ಅಚಿತ್ತು (ಜಡ) ಎರಡೂ ಭಗವಂತನ ಶರೀರ. ಮಾಧ್ವನಿಗೆ ಕುಂಬಾರ ಬೇರೆ, ಮಣ್ಣು ಬೇರೆ. ಜೀವ, ಪ್ರಕೃತಿ ಎರಡೂ ಅನಾದಿ, ಆದರೆ ಕ್ಷಣ ಕ್ಷಣಕ್ಕೂ ಭಗವಂತನ ಅಧೀನ. ಜೈನನ ಉತ್ತರ ಇನ್ನೊಂದು: ಲೋಕ ಅನಾದಿ, ಕುಂಬಾರನ ಅಗತ್ಯವೇ ಇಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು, ಸೃಷ್ಟಿಗೆ ಮೊದಲು ಸೃಷ್ಟಿಕರ್ತ ಎಲ್ಲಿದ್ದ, ಸಾಮಗ್ರಿ ಎಲ್ಲಿಂದ ತಂದ ಎಂದು ಬಿಡದೆ ಪ್ರಶ್ನಿಸಿದ್ದಾರೆ. ಇಂದಿನ ನಾಸ್ತಿಕನೂ ಕುಂಬಾರ ಬೇಡ ಎನ್ನುತ್ತಾನೆ. ಆದರೆ ಜೈನನಿಗೆ ಕರ್ಮ, ಆತ್ಮ, ಮೋಕ್ಷ ಉಳಿಯುತ್ತವೆ, ನಾಸ್ತಿಕನಿಗೆ ಅವೂ ಇಲ್ಲ.

ಕ್ರೈಸ್ತನ ಉತ್ತರ ಇವುಗಳಲ್ಲಿ ಯಾವುದೂ ಅಲ್ಲ. ಕುಂಬಾರ ಇದ್ದಾನೆ, ಮಣ್ಣೇ ಇರಲಿಲ್ಲ. ದೇವರು ಮಾತ್ರ ಅನಾದಿ. ಜೀವವೂ ಜಡವೂ ಕಾಲವೂ ಅವನು ಇರಲಿ ಎಂದದ್ದರಿಂದ ಇವೆ. ಯಹೂದ್ಯರೂ ಮುಸ್ಲಿಮರೂ ಈ ವಿಷಯದಲ್ಲಿ ಅವರ ಜೊತೆಗಿದ್ದಾರೆ. ಇಲ್ಲಿ ನಮ್ಮ ಓದುಗರು ಸಾಮಾನ್ಯವಾಗಿ ಒಂದು ಕಡೆ ಎಡವುತ್ತಾರೆ. ಛಾಂದೋಗ್ಯದ 6ನೇ ಅಧ್ಯಾಯ, ಅಸತ್ತಿನಿಂದ ಸತ್ತು ಹೇಗೆ ಹುಟ್ಟೀತು ಎಂದು ಕೇಳುತ್ತದಲ್ಲ, ಹಾಗಾದರೆ ಕ್ರೈಸ್ತರ ಮಾತು ಅಲ್ಲೇ ಮುರಿದುಬಿತ್ತು ಎಂದುಕೊಳ್ಳುತ್ತಾರೆ. ಆದರೆ ಕ್ರೈಸ್ತರು 'ಶೂನ್ಯ' ಎಂಬ ಒಂದು ವಸ್ತುವಿನಿಂದ ಜಗತ್ತು ಬಂತು ಎನ್ನುತ್ತಿಲ್ಲ. ಪರಮ ಸತ್ತಾದ ದೇವರಿಂದಲೇ ಬಂತು, ನಡುವೆ ಬೇರೆ ಸಾಮಗ್ರಿ ಇರಲಿಲ್ಲ ಎನ್ನುತ್ತಾರೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಖಂಡಿಸುವುದಾದರೆ ಅವರು ಹೇಳಿದ್ದನ್ನು ಖಂಡಿಸಬೇಕು.

ಈ ಒಂದು ಹೆಜ್ಜೆಯಿಂದ ಉಳಿದದ್ದೆಲ್ಲ ಬೇರೆ ದಾರಿ ಹಿಡಿಯುತ್ತದೆ. ಜೀವ ಅನಾದಿಯಲ್ಲವಾದ್ದರಿಂದ ಹಿಂದಿನ ಜನ್ಮವಿಲ್ಲ. ಹಿಂದಿನ ಜನ್ಮ ಇಲ್ಲದ್ದರಿಂದ ಸಂಚಿತ ಕರ್ಮವಿಲ್ಲ. ಇರುವುದು ಒಂದೇ ಬಾಳು. ಇಬ್ರಿಯರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ, ಸಾಯುವುದು ಒಂದೇ ಸಲ, ಆಮೇಲೆ ನ್ಯಾಯತೀರ್ಪು ಎಂದಿದೆ. ನಿಮ್ಮ ಮನೆಯವರಿಗೆ ಶನಿವಾರ ಕಾಣಿಸುವ ಆ ಅವಸರ, 'ಈಗಲೇ ನಿರ್ಧರಿಸು' ಎಂಬ ಒತ್ತಾಯ, ಅದರ ಬೇರು ಇಲ್ಲಿದೆ. ಜನ್ಮ ಜನ್ಮಾಂತರದ ವ್ಯವಧಾನ ನಮಗಿದೆ, ಅವರಿಗಿಲ್ಲ.

ಸಂಕಟದ ಪ್ರಶ್ನೆಯಲ್ಲಿ ಈ ಭೇದ ಚೆನ್ನಾಗಿ ಕಾಣುತ್ತದೆ. ಹುಟ್ಟುಕುರುಡನೊಬ್ಬ ಎದುರಿಗಿದ್ದಾನೆ, ಏಕೆ ಹೀಗೆ? ನಮ್ಮ ಶಾಸ್ತ್ರದ ಉತ್ತರ ಬ್ರಹ್ಮಸೂತ್ರ 2.1.34ರಲ್ಲಿದೆ. ದೇವರಿಗೆ ಪಕ್ಷಪಾತವಾಗಲಿ ಕ್ರೌರ್ಯವಾಗಲಿ ಇಲ್ಲ, ಅವನು ಜೀವರ ಕರ್ಮವನ್ನು ನೋಡಿ ಫಲ ಕೊಡುತ್ತಾನೆ. ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು ಎಂದರೆ ಮುಂದಿನ ಸೂತ್ರ, ಅದು ಅನಾದಿ ಎನ್ನುತ್ತದೆ. ಇದೇ ಪ್ರಶ್ನೆ, ಯೇಸುವಿನ ಬಾಳನ್ನು ಹೇಳುವ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಬರುತ್ತದೆ. ಇವನು ಕುರುಡನಾಗಿ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳುತ್ತಾರೆ. ಇಬ್ಬರೂ ಅಲ್ಲ ಎನ್ನುತ್ತಾನೆ ಯೇಸು, ದೇವರ ಕೆಲಸ ಇವನಲ್ಲಿ ಕಾಣಿಸಿಕೊಳ್ಳಲೆಂದು ಎನ್ನುತ್ತಾನೆ, ಕಣ್ಣು ಕೊಡುತ್ತಾನೆ. ಕರ್ಮದ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಎರಡಕ್ಕೂ ತಮ್ಮ ತಮ್ಮ ತೊಡಕುಗಳಿವೆ. ಕರ್ಮಸಿದ್ಧಾಂತ ಅಸಮಾನತೆಗೆ ಕಾರಣ ಕೊಡುತ್ತದೆ. ಆದರೆ ಮಗು ನರಳುವಾಗ 'ಅದರ ಕರ್ಮ' ಎಂದುಬಿಡುವ ಕಲ್ಲುಮನಸ್ಸಿಗೂ ಅದು ದಾರಿಯಾದದ್ದುಂಟು. ಕ್ರೈಸ್ತ ನಂಬಿಕೆ ಆ ಮಗುವಿನ ಮೇಲೆ ತಪ್ಪು ಹೊರಿಸುವುದಿಲ್ಲ. ಆದರೆ ಒಳ್ಳೆಯವನೂ ಸರ್ವಶಕ್ತನೂ ಆದ ದೇವರು ಇದನ್ನೇಕೆ ಬಿಟ್ಟ ಎಂಬ ಪ್ರಶ್ನೆಗೆ ಅದರ ಬಳಿ ಲೆಕ್ಕದ ಉತ್ತರವಿಲ್ಲ. ಯೋಬನ ಗ್ರಂಥದ 42 ಅಧ್ಯಾಯಗಳಲ್ಲಿ ಈ ಪ್ರಶ್ನೆ ಕುದಿಯುತ್ತದೆ, ಕೊನೆಗೆ ದೇವರು ಮಾತಾಡುತ್ತಾನೆ, ಕಾರಣ ಮಾತ್ರ ಹೇಳುವುದಿಲ್ಲ. ಕ್ರೈಸ್ತರು ಕಾರಣದ ಬದಲು ಶಿಲುಬೆಯನ್ನು ತೋರಿಸುತ್ತಾರೆ: ದೇವರೂ ಇಲ್ಲಿ ನರಳಿದ್ದಾನೆ, ನೋಡಿ. ಮಗನ ಹಾಸಿಗೆಯ ಪಕ್ಕ ಕೂತಿದ್ದ ತಾಯಿಗೆ ಆ ಚಿತ್ರ ಏಕೆ ಹಿಡಿಸಿರಬಹುದು ಎಂದು ನೀವು ಊಹಿಸಬಲ್ಲಿರಿ.

ಹಾಗಾದರೆ ಯೇಸು ಅವತಾರವೇ? ಕನ್ನಡ ಕ್ರೈಸ್ತ ಬರಹಗಳಲ್ಲೂ ಅಲ್ಲಲ್ಲಿ ಈ ಪದ ಸಿಗುತ್ತದೆ, ಅದರಿಂದಲೇ ಗೊಂದಲ. ಮಾಧ್ವ ಸಿದ್ಧಾಂತದಲ್ಲಿ ಅವತಾರದ ದೇಹ ಪ್ರಾಕೃತವಲ್ಲ, ಅಂದರೆ ನಮ್ಮದರಂತೆ ಜಡದಿಂದ ಆದದ್ದಲ್ಲ. ರಾಮನಿಗೂ ಕೃಷ್ಣನಿಗೂ ಮೂಲರೂಪಕ್ಕೂ ಎಳ್ಳಷ್ಟೂ ಭೇದವಿಲ್ಲ. ರಾಮ ಸೀತೆಗಾಗಿ ಅತ್ತದ್ದು ನಿಜವಾದ ದುಃಖದಿಂದಲ್ಲ, ಅದು ಲೀಲೆ. ಅದೂ ಒಂದು ಸಲವಲ್ಲ, ಗೀತೆಯ 4ನೇ ಅಧ್ಯಾಯ ಹೇಳುವಂತೆ ಯುಗಯುಗದಲ್ಲಿ.

ಚರ್ಚು ಹೇಳುವುದು ಬಹುತೇಕ ಇದಕ್ಕೆ ವಿರುದ್ಧ. ಯೇಸುವಿಗೆ ನಿಜವಾಗಿ ಹಸಿವಾಯಿತು, ಗೆಳೆಯ ಸತ್ತಾಗ ಅತ್ತ, ರಕ್ತ ಸುರಿಯಿತು, ಸತ್ತ. ಆ ದೇಹ ಬರೀ ತೋರಿಕೆ, ದೇವರಿಗೆ ನೋವಾದೀತೇ ಎಂದವರು ಮೊದಲ ಶತಮಾನಗಳಲ್ಲೇ ಇದ್ದರು, ಅವರ ಮತವನ್ನು ಚರ್ಚು ತಳ್ಳಿಹಾಕಿತು. 451ರ ಕ್ಯಾಲ್ಸಿಡನ್ ಮಹಾಸಭೆಯ ತೀರ್ಮಾನ ಹೀಗೆ: ಪೂರ್ತಿ ದೇವರು, ಪೂರ್ತಿ ಮನುಷ್ಯ, ಎರಡೂ ಸ್ವಭಾವ ಬೆರೆಯದೆ, ಬೇರ್ಪಡದೆ, ಒಬ್ಬನಲ್ಲೇ. ಇದಾದದ್ದು ಒಂದೇ ಸಲ, ಚರಿತ್ರೆಯ ಗೊತ್ತಾದ ಕಾಲದಲ್ಲಿ. ಚರ್ಚಿನಲ್ಲಿ ಎಲ್ಲರೂ ಹೇಳುವ ನಂಬಿಕೆಯ ಘೋಷಣೆಯಾದ ವಿಶ್ವಾಸಪ್ರಮಾಣದಲ್ಲಿ ಪೊಂತ್ಯ ಪಿಲಾತ ಎಂಬ ರೋಮನ್ ಅಧಿಕಾರಿಯ ಹೆಸರು ಬರುವುದು ಇದಕ್ಕೇ. ಅವನು ಯೂದಾಯದ ಆಡಳಿತ ನಡೆಸಿದ್ದು ಕ್ರಿ.ಶ. 26ರಿಂದ 36ರವರೆಗೆ. ಆದ್ದರಿಂದ ದಶಾವತಾರದ ಸಾಲಿನಲ್ಲಿ ಯೇಸುವಿಗೊಂದು ಜಾಗ ಕೊಟ್ಟರೆ ನಮಗೆ ಅದು ಔದಾರ್ಯ, ಅವರಿಗೆ ಅದು ನಂಬಿಕೆಯ ನಿರಾಕರಣೆ. ಬುದ್ಧನನ್ನು ವಿಷ್ಣುವಿನ ಅವತಾರ ಎಂದಾಗ ಬೌದ್ಧರಿಗೆ ಹೇಗನ್ನಿಸುತ್ತದೋ ಹಾಗೆ.

ಮೂವರ ವಿಷಯ. ತಂದೆ, ಮಗ, ಪವಿತ್ರಾತ್ಮ ಎಂದರೆ ಮೂವರು ದೇವರಲ್ಲ. ಬ್ರಹ್ಮ ವಿಷ್ಣು ಮಹೇಶ್ವರರಂತೆ ಮೂರು ಕೆಲಸ ಹಂಚಿಕೊಂಡವರೂ ಅಲ್ಲ. ಭಾನುವಾರದ ತರಗತಿಗಳಲ್ಲಿ ಹೇಳಿಕೊಡುವ ನೀರು, ಮಂಜುಗಡ್ಡೆ, ಆವಿಯ ಹೋಲಿಕೆಯೂ ತಪ್ಪೇ. ಒಬ್ಬನೇ ಮೂರು ವೇಷ ತೊಡುತ್ತಾನೆ ಎಂದಾಗುತ್ತದೆ, ಅದನ್ನೂ ಚರ್ಚು ಹಿಂದೆಯೇ ನಿರಾಕರಿಸಿದೆ. 325ರಲ್ಲಿ ನೈಸೀಯದಲ್ಲೂ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲೂ ಸೇರಿದ ಮಹಾಸಭೆಗಳು ರೂಪಿಸಿದ ಸಿದ್ಧಾಂತದ ತಿರುಳು: ತತ್ತ್ವ ಒಂದೇ, ಅದು ಮೂವರಲ್ಲಿ ಹರಿದು ಹಂಚಿಹೋಗಿಲ್ಲ. ಮೂವರ ನಡುವಿನ ಭೇದ ಸಂಬಂಧದ್ದು ಮಾತ್ರ. ತಂದೆ ಯಾರಿಂದಲೂ ಬಂದವನಲ್ಲ, ಮಗ ತಂದೆಯಿಂದ ಅನಾದಿಯಾಗಿ ಜನಿಸಿದವನು, ಆತ್ಮ ಹೊರಡುವವನು. ಇಲ್ಲಿ 'ಜನಿಸು' ಎಂದರೆ ಒಂದು ದಿನ ಹುಟ್ಟಿದ ಎಂದಲ್ಲ.

ಇಷ್ಟು ಕಷ್ಟ ಏಕೆ ಪಟ್ಟರು? ದೇವರು ಪ್ರೀತಿಸ್ವರೂಪಿ ಎಂದು ಅವರ ಗ್ರಂಥ ಹೇಳುತ್ತದೆ. ಜಗತ್ತು ಇಲ್ಲದಾಗ ಅವನು ಯಾರನ್ನು ಪ್ರೀತಿಸುತ್ತಿದ್ದ? ಪ್ರೀತಿಗೆ ಇನ್ನೊಬ್ಬರು ಬೇಕು. ಒಳಗೇ ಆ ಸಂಬಂಧ ಇತ್ತು, ಪ್ರೀತಿಸಲು ಅವನಿಗೆ ಜಗತ್ತಿನ ಹಂಗಿರಲಿಲ್ಲ ಎಂಬುದು ಅವರ ಉತ್ತರ. ವಿಷ್ಣು ಎಂದೂ ಲಕ್ಷ್ಮಿಯನ್ನು ಅಗಲಿದವನಲ್ಲ ಎಂದು ನಂಬುವವರಿಗೆ ಈ ತುಡಿತ ತೀರಾ ಪರಕೀಯವೇನಲ್ಲ. ಆದರೆ ಲಕ್ಷ್ಮಿ ಪರತಂತ್ರಳು, ಅವರ ಮಗ ಹಾಗಲ್ಲ, ತಂದೆಗೆ ಸಮಾನ. ಮುಸ್ಲಿಮರು ಇದನ್ನು ಕಟ್ಟುನಿಟ್ಟಾಗಿ ತಿರಸ್ಕರಿಸುತ್ತಾರೆ. ಅವರಿಗೆ ಈಸಾ (ಯೇಸು) ಗೌರವದ ಪ್ರವಾದಿ, ಕನ್ಯೆಯಲ್ಲಿ ಹುಟ್ಟಿದವನು, ದೇವಪುತ್ರನಲ್ಲ.

ಇದು ತಲೆಗೆ ಹತ್ತದಿದ್ದರೆ ಸಂಕೋಚ ಬೇಡ. ಕಾರ್ಕಳದ ಮೇಲಿನ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿ, ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು. ಪಡೆದ ಮೇಲೂ ತ್ರಿತ್ವ, ಅಂದರೆ ಒಬ್ಬನೇ ದೇವರಲ್ಲಿ ಮೂವರು, ಹೇಗೆ ಎಂದು ತಮ್ಮ ಗುರುಗಳ ಜೊತೆ ಪತ್ರಗಳಲ್ಲಿ ವಾದಕ್ಕಿಳಿದಿದ್ದರು. ಸಂಸ್ಕೃತ ಶಾಸ್ತ್ರಗಳಲ್ಲಿ ಪಳಗಿದ ಆಕೆಗೇ ಇದು ಸುಲಭವಾಗಿರಲಿಲ್ಲ.

ಮಾತಿನ ಬಲೆಯ ಬಗ್ಗೆ ಒಂದಿಷ್ಟು. ನಾವೂ ಅವರೂ ಆಡುವ ಪದಗಳು ಒಂದೇ, ತುಂಬಿಕೊಂಡ ಅರ್ಥ ಬೇರೆ. ಗೋವೆಯಲ್ಲಿದ್ದ ಥಾಮಸ್ ಸ್ಟೀಫನ್ಸ್ ಎಂಬ ಜೆಸ್ವಿಟ್ ಪಾದ್ರಿ ಮರಾಠಿ ಓವಿ ಪದ್ಯಗಳಲ್ಲಿ ಬರೆದು 1616ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾದ ಕ್ರಿಸ್ತಪುರಾಣದಲ್ಲಿ ಸ್ವರ್ಗಕ್ಕೆ ವೈಕುಂಠ ಎಂದೇ ಇದೆ. ಹಾಗೆಂದು ಅದು ನಮ್ಮ ವೈಕುಂಠವಲ್ಲ. 'ಪಾಪ' ಎಂದಾಗ ನಮಗೆ ತೀರಿಸಬೇಕಾದ ಖಾತೆ ನೆನಪಾಗುತ್ತದೆ, ಅವರಿಗೆ ತಂದೆಯ ಜೊತೆ ಮುರಿದ ಸಂಬಂಧ. 'ಪವಿತ್ರಾತ್ಮ' ಜೀವಾತ್ಮ ಪರಮಾತ್ಮಗಳ ಸಾಲಿನ ಪದವಲ್ಲ. ಮೋಕ್ಷದಲ್ಲಿ ನಾವು ದೇಹದಿಂದ ಬಿಡುಗಡೆ ಬಯಸುತ್ತೇವೆ, ಅವರ ವಿಶ್ವಾಸಪ್ರಮಾಣ ದೇಹದ ಪುನರುತ್ಥಾನವನ್ನೇ ಹೇಳುತ್ತದೆ. ಶವವನ್ನು ಹೂಳುವ ರೂಢಿಯ ಹಿಂದೆ ಈ ನಿರೀಕ್ಷೆಯಿದೆ.

ಇನ್ನೊಂದು ಪದ 'ಪ್ರಸಾದ'. ಇದರಲ್ಲಿ ನಿಮ್ಮ ಮನೆಯವರು ಎಚ್ಚರವಾಗಿರಬೇಕು. ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿ (ಮಾಸ್) ಕೊಡುವ ಬಿಳಿಯ ದುಂಡನೆಯ ತೆಳು ರೊಟ್ಟಿಯನ್ನು ಕನ್ನಡ ಕ್ಯಾಥೊಲಿಕರು ಪರಮಪ್ರಸಾದ ಎನ್ನುತ್ತಾರೆ. ದೇವಸ್ಥಾನದ ಪ್ರಸಾದದಂತೆ ಬಂದವರಿಗೆಲ್ಲ ಹಂಚುವುದಲ್ಲ. ಅದು ಕ್ರಿಸ್ತನ ದೇಹವೇ ಎಂದು ಅವರ ನಂಬಿಕೆ, ದೀಕ್ಷಾಸ್ನಾನ ಪಡೆದ ಕ್ಯಾಥೊಲಿಕರಿಗೆ ಮಾತ್ರ. ಸಾಲಿನಲ್ಲಿ ಕೈಚಾಚಿ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿ ಮನೆಗೆ ತರುವುದು ಅವರಿಗೆ ತುಂಬ ನೋವಿನ ಸಂಗತಿ. ಕೂತಲ್ಲೇ ಇರಬಹುದು. ನೊವೆನಾ ಪ್ರಾರ್ಥನೆಗೆ, ಮೇಣದಬತ್ತಿಗೆ, ಹೂವಿಗೆ ಯಾರದೂ ತಕರಾರಿಲ್ಲ. ಆ ಪ್ರಾರ್ಥನೆಯೂ ಮಾತೆಗೆ ಸಲ್ಲುವ ಪೂಜೆಯಲ್ಲ, ನಮಗಾಗಿ ದೇವರಲ್ಲಿ ಬೇಡಿಕೋ ತಾಯಿ ಎಂಬ ವಿನಂತಿ. ಆರಾಧನೆ ದೇವರಿಗೆ, ಗೌರವ ಸಂತರಿಗೆ ಎಂಬ ಗೆರೆಯನ್ನು ಕ್ಯಾಥೊಲಿಕ್ ಶಾಸ್ತ್ರ ಸ್ಪಷ್ಟವಾಗಿ ಎಳೆದಿದೆ. ಜನರ ಭಕ್ತಿ ಆ ಗೆರೆಯನ್ನು ದಿನವೂ ದಾಟುತ್ತದೆ. ಗೋವೆಯ ಮ್ಹಾಪ್ಸಾದ ಚರ್ಚಿನ ಮರಿಯಮ್ಮನಾದ ಮಿಲಾಗ್ರಿಸ್ ಸಾಯ್ಬಿಣಿಯೂ ಶಿರಗಾಂವ್‌ನ ಲಯಿರಾಯಿ ದೇವಿಯೂ ಅಕ್ಕತಂಗಿಯರು ಎಂದು ಅಲ್ಲಿನ ಹಿಂದೂಗಳೂ ಕ್ರೈಸ್ತರೂ ಇಂದಿಗೂ ಹೇಳುತ್ತಾರೆ.

ಅವರು ನಮ್ಮನ್ನು ಏಕೆ ಒಪ್ಪುವುದಿಲ್ಲ ಎಂದಿರಿ. ಬೈಬಲ್ಲಿನ ದೇವರಿಗೂ ಅವನ ಜನಕ್ಕೂ ಇರುವ ನಂಟನ್ನು ಪ್ರವಾದಿಗಳು ಮತ್ತೆ ಮತ್ತೆ ಮದುವೆಗೆ ಹೋಲಿಸುತ್ತಾರೆ. ನನ್ನ ಹೊರತು ಬೇರೆ ದೇವರು ನಿನಗಿರಬಾರದು ಎಂಬ ಮೊದಲ ಆಜ್ಞೆ ಆ ದಾಂಪತ್ಯದ ನಿಷ್ಠೆಯ ಮಾತು. ನಿಮ್ಮ ಆಚಾರ್ಯರ ಅನನ್ಯಭಕ್ತಿಯೂ ಇದಕ್ಕಿಂತ ಸಡಿಲವಲ್ಲ. ಆಮೇಲೆ ಸೈತಾನನ ಮಾತು. ಆ ಹೆಂಗಸು ಅದನ್ನು ಕಟ್ಟಿ ಹೇಳಿದ್ದಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ಅಂಥ ಮಾತಿದೆ. ಅದೇ ಪತ್ರದ 8ನೇ ಅಧ್ಯಾಯದಲ್ಲಿ ವಿಗ್ರಹ ಎಂಬುದು ಏನೂ ಅಲ್ಲ ಎಂದೂ ಇದೆ. ಯಾವುದನ್ನು ಎತ್ತಿ ಹೇಳುತ್ತಾರೆ ಎಂಬುದರ ಮೇಲೆ ಪಂಥಗಳ ಧಾಟಿ ಬದಲಾಗುತ್ತದೆ. ಕ್ಯಾಥೊಲಿಕ್ ಚರ್ಚು 1965ರ ಅಕ್ಟೋಬರ್ 28ರ ಘೋಷಣೆಯಲ್ಲಿ ಹಿಂದೂ ಧರ್ಮದ ಹೆಸರೆತ್ತಿ, ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ತಾನು ತಿರಸ್ಕರಿಸುವುದಿಲ್ಲ ಎಂದಿತು. ಅದಕ್ಕೆ ಹಿಂದಿನ ವರ್ಷ, 1964ರ ಡಿಸೆಂಬರಿನಲ್ಲಿ, ಪೋಪ್ 6ನೇ ಪಾಲ್ ಇದೇ ಮುಂಬಯಿಗೆ ಬಂದು ಇತರ ಧರ್ಮದವರ ಸಭೆಯಲ್ಲಿ ಅಸತೋ ಮಾ ಸದ್ಗಮಯ ಮಂತ್ರದ ಅರ್ಥವನ್ನು ಉದ್ಧರಿಸಿ ಮಾತಾಡಿದ್ದರು. ಆದರೆ ರಕ್ಷಣೆ ಕ್ರಿಸ್ತನಿಂದಲೇ ಎಂಬುದನ್ನು ಆ ಚರ್ಚೂ ಬಿಟ್ಟುಕೊಟ್ಟಿಲ್ಲ. ಗೌರವಿಸುತ್ತಾರೆ, ಎಲ್ಲವೂ ಸಮ ಎನ್ನುವುದಿಲ್ಲ.

ನಿಮ್ಮ ಮಗ ಹೇಳುವ 'ಎಲ್ಲಾ ಒಂದೇ' ಒಳ್ಳೆಯ ಮನಸ್ಸಿನ ಮಾತು. ಅರ್ಧ ಸರಿ. ಜಗತ್ತಿಗೆ ಪರಮ ಕಾರಣ ಒಂದೇ ಆಗಿದ್ದರೆ, ಅವನ ಅಮ್ಮ ಮಾಹಿಮ್‌ನಲ್ಲಿ ಕರೆದಾಗಲೂ ನೀವು ಮನೆಯಲ್ಲಿ ಕರೆದಾಗಲೂ ಕೇಳಿಸಿಕೊಳ್ಳುವವನು ಒಬ್ಬನೇ. ಆದರೆ ಅವನ ಬಗ್ಗೆ ಹೇಳುವ ಮಾತುಗಳು ಒಂದೇ ಅಲ್ಲ. ಜೀವ ಅನಾದಿಯೂ ಹೌದು, ಸೃಷ್ಟಿಯಾದದ್ದೂ ಹೌದು ಎಂದು ಎರಡನ್ನೂ ಒಟ್ಟಿಗೆ ಹೇಳಲಾಗದು. ಎಲ್ಲವೂ ಒಂದೇ ಎಂದು ಮಧ್ವಾಚಾರ್ಯರು ಒಪ್ಪಿದ್ದರೆ ದೇವರು, ಜೀವ, ಜಡಗಳ ನಡುವಿನ ಐದು ಭೇದಗಳನ್ನು ಸ್ಥಾಪಿಸಲು ಅಷ್ಟು ಗ್ರಂಥ ಬರೆಯಬೇಕಿರಲಿಲ್ಲ. ಅಮ್ಮನ 11 ವರ್ಷದ ಹುಡುಕಾಟವನ್ನು 'ಒಂದೇ, ಬಿಡಿ' ಎಂದು ತಳ್ಳಿಹಾಕಿದರೆ ಆಕೆಯ ಮಾತು ಕೇಳಿಸಿಕೊಂಡಂತಾಗುವುದಿಲ್ಲ. ನಿಮ್ಮಣ್ಣನ ಮೈಲಿಗೆಯ ಮಾತಿಗೂ ಅದೇ ದೋಷ.

ಮುಂದೇನು? ಈಗಿರುವಂತೆಯೇ ಬಿಡಬಹುದು: ಬುಧವಾರ ಮಾಹಿಮ್, ಮನೆಯಲ್ಲಿ ಕೃಷ್ಣ. ಮುಂಬಯಿಯಲ್ಲಿ ಸಾವಿರಾರು ಮನೆಗಳು ಹೀಗೇ ನಡೆದಿವೆ. ತೊಂದರೆ ಎಂದರೆ, ನಿಮ್ಮ ಮನೆಯವರು ಈಗ ಹರಕೆಯ ಹಂತ ದಾಟಿ ಓದುವ ಹಂತಕ್ಕೆ ಬಂದಿದ್ದಾರೆ. ಪ್ರಶ್ನೆ ಹುಟ್ಟಿದ ಮನಸ್ಸಿಗೆ ಹಳೆಯ ಹೊಂದಾಣಿಕೆ ಸಾಕಾಗದು. ನೀವು ಸುಮ್ಮನಿದ್ದರೆ ಉತ್ತರ ಶನಿವಾರದ ಫ್ಲ್ಯಾಟಿನಿಂದ ಮಾತ್ರ ಬರುತ್ತದೆ.

ನನ್ನ ಒಲವು ಇಬ್ಬರೂ ಕೂತು ಓದುವುದರ ಕಡೆಗೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, ಎರಡು ಸಂಜೆಯಲ್ಲಿ ಮುಗಿಯುತ್ತದೆ. ಆಮೇಲೆ ಲೂಕ, ಕೊನೆಗೆ ಯೋಹಾನ. ಪ್ರಕಟನೆಯ ಗ್ರಂಥವನ್ನು ಮೊದಲೇ ತೆರೆಯಬೇಡಿ. ಹಿನ್ನೆಲೆ ತಿಳಿಯದೆ ಓದಿದರೆ ಭಯವೊಂದೇ ಉಳಿಯುತ್ತದೆ, ಹೆದರಿಸುವವರು ಅದನ್ನೇ ಹಿಡಿಯುತ್ತಾರೆ. ಜೊತೆಗೆ ಗೀತೆಯ 4, 9, 12ನೇ ಅಧ್ಯಾಯಗಳನ್ನು ಮಾಧ್ವ ವ್ಯಾಖ್ಯಾನದೊಂದಿಗೆ ಓದಿ. ಸಾಂತಾಕ್ರೂಜ್‌ನ ಪೇಜಾವರ ಮಠದಲ್ಲಿ ಕೇಳಿದರೆ ಪಾಠ ಹೇಳುವ ವಿದ್ವಾಂಸರು ಯಾರೆಂದು ತಿಳಿದೀತು. ಬೈಬಲ್ಲಿನ ಸಂಶಯಗಳಿಗೆ ಮಾಹಿಮ್‌ನ ಫಾದರ್ ಬಳಿ ಸಮಯ ಕೇಳಿ ಹೋಗಿ, ನೀವೂ ಜೊತೆಗೆ ಹೋಗಿ. ಇದರಲ್ಲೂ ಅಪಾಯವಿದೆ, ಹೇಳಿಬಿಡುತ್ತೇನೆ: ಓದಿದ ಮೇಲೆ ಆಕೆ ಕೃಷ್ಣನ ಕಡೆಗೇ ಹೆಚ್ಚು ವಾಲಬಹುದು, ಕ್ರಿಸ್ತನ ಕಡೆಗೂ ವಾಲಬಹುದು. ಫಲ ಮೊದಲೇ ಗೊತ್ತುಮಾಡಿಕೊಂಡು ಓದಲು ಕೂರಬೇಡಿ.

ದೀಕ್ಷಾಸ್ನಾನದವರೆಗೂ ಮಾತು ಬಂದರೆ ಗೊತ್ತಿರಬೇಕಾದ್ದು ಇಷ್ಟು. ಕ್ಯಾಥೊಲಿಕ್ ಚರ್ಚಿನಲ್ಲಿ ವಯಸ್ಕರಿಗೆ ತಿಂಗಳುಗಟ್ಟಲೆ, ಹಲವು ಕಡೆ ಒಂದು ವರ್ಷ ಅಥವಾ ಹೆಚ್ಚು ಕಾಲ ಬೋಧನೆ ಇರುತ್ತದೆ, ಸ್ನಾನ ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿ. ಮುಂದಿನ ವಾರವೇ ಬಾ, ಮನೆಯಲ್ಲಿ ಹೇಳಬೇಡ ಎನ್ನುವವರಿದ್ದರೆ ಅಲ್ಲಿಗೆ ನಿಲ್ಲಿಸಿ. ಮಾತ್ರೆ ಬಿಡಿಸುವುದು, ಆದಾಯದ ದಶಮಾಂಶಕ್ಕೆ ಒತ್ತಾಯಿಸುವುದು, ಗಂಡನನ್ನು ದೂರವಿಡು ಎನ್ನುವುದು ಇವೂ ಕೆಟ್ಟ ಗುರುತುಗಳೇ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಪೌಲನ ಮಾತು ಸ್ಪಷ್ಟವಾಗಿದೆ: ನಂಬದ ಗಂಡ ಜೊತೆಯಲ್ಲಿ ಬಾಳಲು ಒಪ್ಪಿದರೆ ನಂಬಿದ ಹೆಂಡತಿ ಅವನನ್ನು ಬಿಡಬಾರದು.

ಕಾನೂನಿನಲ್ಲಿ, ಮತ ಬದಲಿಸಿದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ಆದರೆ 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಂ ಪ್ರಕಾರ, ಬದಲಿಸದ ಸಂಗಾತಿಗೆ ಅದು ವಿಚ್ಛೇದನ ಕೇಳಲು ಒಂದು ಕಾರಣ. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 18ನೇ ಕಲಂನಲ್ಲಿ ಹೆಂಡತಿಗಿರುವ ಪ್ರತ್ಯೇಕ ವಾಸ, ಜೀವನಾಂಶದ ಹಕ್ಕು ಮತಾಂತರದಿಂದ ಹೋಗುತ್ತದೆ. ನೀವು ಅದನ್ನು ಬಳಸುವವರಲ್ಲ, ಆದರೂ ಆಕೆಗೆ ತಿಳಿದಿರಬೇಕು. ವಕೀಲರೊಬ್ಬರನ್ನು ಕಂಡು ಈಗಿನ ನಿಯಮ ಖಚಿತಪಡಿಸಿಕೊಳ್ಳಿ.

ಅಂತ್ಯಸಂಸ್ಕಾರದ ಮಾತನ್ನೂ ಮುಂಚೆಯೇ ಆಡಿಕೊಳ್ಳಿ. ಕ್ಯಾಥೊಲಿಕ್ ಚರ್ಚು 1963ರಿಂದ ದಹನಕ್ಕೆ ಅನುಮತಿ ಕೊಟ್ಟಿದೆ. ಆದರೆ ಬೂದಿಯನ್ನು ನೀರಿನಲ್ಲಿ ಬಿಡುವುದನ್ನು ಒಪ್ಪುವುದಿಲ್ಲ, ಪವಿತ್ರ ಸ್ಥಳದಲ್ಲಿ ಇಡಬೇಕು ಎನ್ನುತ್ತದೆ. ಹೆಂಡತಿ ದೀಕ್ಷೆ ಪಡೆದರೆ ನಾಳೆ ಮಗ ಅಸ್ಥಿ ಬಿಡಬೇಕೇ, ಶ್ರಾದ್ಧ ಮಾಡಬೇಕೇ ಎಂಬುದು ಆ ದಿನದ ಗಡಿಬಿಡಿಯಲ್ಲಿ ತೀರ್ಮಾನವಾಗಬಾರದು.

ಪಟಗಳ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ದೇವರ ಕೋಣೆ ನಿಮ್ಮದೂ ಹೌದು. ಆಕೆ ಪೂಜೆಗೆ ಕೂರದಿದ್ದರೆ ಬಲವಂತ ಬೇಡ, ಪಟ ತೆಗೆಯುವುದಕ್ಕೆ ಒಪ್ಪಿಗೆಯೂ ಬೇಡ. ಮುಂದಿನ ಚೌತಿಗೆ ಆಕೆ ಪ್ರಸಾದ ಮುಟ್ಟಲು ಹಿಂಜರಿದರೆ ಅವಮಾನ ಎಂದುಕೊಳ್ಳಬೇಡಿ. ಕೊರಿಂಥದವರಿಗೆ ಬರೆದ ಅದೇ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ಪೌಲ ಹೇಳುತ್ತಾನೆ: ಬಡಿಸಿದ್ದನ್ನು ಏನೂ ಕೇಳದೆ ಊಟ ಮಾಡಿ, ಇದು ನೈವೇದ್ಯ ಎಂದು ಯಾರಾದರೂ ತಿಳಿಸಿ ಹೇಳಿದರೆ ಮಾತ್ರ ಬೇಡ ಅನ್ನಿ. ಪಂಚಕಜ್ಜಾಯವನ್ನು ಒಂದು ಪಾಲು ನೈವೇದ್ಯಕ್ಕೆ ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಆಕೆಗೆ ಎಂದಿನಂತೆ ತಿಂಡಿಯಾಗಿ ಕೊಡಿ.